ಕೋಳಿಯನ್ನೂ ಒಂದು ಮಾತು ಕೇಳಿ



‘ಕೋಳಿ ಕೇಳಿ ಖಾರ ಅರೆಯುತ್ತಾರೆಯೇ?’ ಎಂಬ ಗಾದೆ ನಿಮಗೆ ಗೊತ್ತಿದ್ದದ್ದೇ. ಅಡುಗೆಯ ಮಟ್ಟಿಗೆ ಅದು ಸರಿ. ಸಾಕಣೆಯ ಮಟ್ಟಿಗೆ ಮಾತ್ರ ಕೋಳಿಯನ್ನೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಬೆಳೆಯ ಎಲೆ ಹಳದಿಯಾದರೆ ಕಾರಣ ಹುಡುಕುವ ನಾವು, ಹಿತ್ತಲ ಕೋಳಿ ವಿಚಿತ್ರವಾಗಿ ಆಡಿದರೆ ನಕ್ಕು ಸುಮ್ಮನಾಗುತ್ತೇವೆ. ಇಲ್ಲವೆ ಅಪಶಕುನವೆಂದು ಕುಯ್ಯುತ್ತೇವೆ. ಎರಡೂ ನಷ್ಟಕ್ಕೆ ದಾರಿ.

ಮೊದಲು ನಗಬಹುದಾದ ಆಟಗಳನ್ನು ನೋಡೋಣ. ಹೇಂಟೆಯೊಂದು ಮಟಮಟ ಮಧ್ಯಾಹ್ನ ಮಣ್ಣಿನಲ್ಲಿ ಗುಳಿ ತೋಡಿ, ರೆಕ್ಕೆ ಹರಡಿ, ಕಾಲು ಚಾಚಿ ಹೊರಳಾಡುವುದನ್ನು ಕಂಡು ಪ್ರಾಣವೇ ಹೋಗುತ್ತಿದೆಯೆಂದು ಗಾಬರಿಯಾಗುವವರಿದ್ದಾರೆ. ಅದು ಕೋಳಿಯ ಸ್ನಾನ. ಪುಕ್ಕದಲ್ಲಿ ಸೇರಿದ ಹಳೆಯ ಜಿಡ್ಡನ್ನು ಒಣ ಧೂಳು ಹೀರಿ ತೆಗೆಯುತ್ತದೆ. ಹೇನಿನ ಕಾಟವೂ ತಗ್ಗುತ್ತದೆ. ತಂತಿಯ ಗೂಡಿನಲ್ಲಿಟ್ಟ ಕೋಳಿಗಳು ಮಣ್ಣೇ ಇಲ್ಲದಿದ್ದರೂ ಬರಿಯ ತಂತಿಯ ಮೇಲೆ ಇದೇ ಅಭಿನಯ ಮಾಡುತ್ತವೆ. ಇದರ ಅಗತ್ಯ ಎಷ್ಟೆಂದು ನೀವೇ ಊಹಿಸಿ. ಮಳೆಗಾಲದಲ್ಲಿ ಸೂರಿನಡಿ ಒಣ ಮಣ್ಣಿಗೆ ಒಲೆಯ ಬೂದಿ ಬೆರೆಸಿ ಇಡಿ.

ಕಾಳು ಹಾಕಿದಾಗ ಒಂದು ಹೇಂಟೆ ಉಳಿದವನ್ನೆಲ್ಲ ಕುಕ್ಕಿ ಓಡಿಸುವುದುಂಟು. ಹಿಂಡಿನೊಳಗಿನ ಈ ಮೇಲು-ಕೆಳಗಿನ ಸಾಲನ್ನು ನಾರ್ವೆಯ ಶೆಲ್ದರುಪ್-ಎಬ್ಬೆ ಎಂಬ ವಿಜ್ಞಾನಿ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಸಾಲಿನ ಕೊನೆಯ ಕೋಳಿ ಹಸಿದೇ ಉಳಿಯುತ್ತದೆ. ಆದ್ದರಿಂದ ಕಾಳನ್ನು ಒಂದೇ ಕಡೆ ಸುರಿಯದೆ ಮೂರು ನಾಲ್ಕು ಕಡೆ ಎರಚಿ.

ಹೇಂಟೆ ಹುಂಜದಂತೆ ಕೂಗಿದರೆ ಮನೆಗೆ ಕೇಡೆಂದು ಭಯಪಡುವವರು ಇಂದಿಗೂ ಇದ್ದಾರೆ. ಕೋಳಿಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಕೆಲಸ ಮಾಡುತ್ತದೆ. ರೋಗದಿಂದ ಅದು ಕೆಟ್ಟರೆ ಗಂಡು ಹಾರ್ಮೋನಿನ ಪ್ರಭಾವ ಹೆಚ್ಚಿ ತಲೆಯ ಜುಟ್ಟು ಬೆಳೆಯಬಹುದು, ಕೂಗೂ ಬರಬಹುದು. ಹುಂಜವಿಲ್ಲದ ಹಿಂಡಿನಲ್ಲಿ ಯಜಮಾನಿ ಹೇಂಟೆಯೇ ಕೂಗುವುದೂ ಉಂಟು. ಮೊಟ್ಟೆ ನಿಂತುಹೋದ ಕೋಳಿಯನ್ನು ತೆಗೆದುಹಾಕುವುದು ಲೆಕ್ಕಾಚಾರ. ಮೊಟ್ಟೆಯಿಡುವುದನ್ನು ಶಕುನಕ್ಕೆ ಹೆದರಿ ಕುಯ್ಯುವುದು ಮೌಢ್ಯ.

ಇನ್ನು ನಗಬಾರದ ಆಟ. ಕೋಳಿ ಕತ್ತು ತಿರುಚಿ ಆಕಾಶ ನೋಡುತ್ತದೆ, ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಜೊತೆಗೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು ಕಂಡರೆ ಅದು ಕೊಕ್ಕರೆ ರೋಗವಿರಬಹುದು. ಬಂದ ಮೇಲೆ ಇದಕ್ಕೆ ಔಷಧವಿಲ್ಲ. ಕೆಲವೇ ದಿನಗಳಲ್ಲಿ ಹಿಂಡೇ ಖಾಲಿಯಾಗಬಹುದು. ಆ ಕೋಳಿಯನ್ನು ಕೂಡಲೇ ಬೇರ್ಪಡಿಸಿ, ಪಶುವೈದ್ಯರಿಗೆ ತಿಳಿಸಿ. ಸತ್ತದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಉಳಿದವನ್ನು ಅವಸರದಲ್ಲಿ ಸಂತೆಗೆ ಒಯ್ಯಬೇಡಿ. ನಿಮ್ಮ ನಷ್ಟವನ್ನು ನೆರೆಯೂರಿಗೆ ಹಂಚಿದಂತಾಗುತ್ತದೆ. ಮರಿಗಳಿಗೆ ಮೊದಲ ವಾರದಲ್ಲಿ ಲಸೋಟಾ ಹನಿಯನ್ನೂ, 6ರಿಂದ 8 ವಾರದೊಳಗೆ ಆರ್‌2ಬಿ ಚುಚ್ಚುಮದ್ದನ್ನೂ ಹಾಕಿಸುವುದೇ ಇದಕ್ಕಿರುವ ರಕ್ಷಣೆ.

ಹಿತ್ತಲ ಕೋಳಿಯ ಆದಾಯ ಬಹುಪಾಲು ಮನೆಯ ಹೆಣ್ಣುಮಕ್ಕಳ ಕೈಗಂಟು. ಅದನ್ನು ಕಾಯಲು ದಿನಾ ಬೆಳಿಗ್ಗೆ ಗೂಡು ತೆರೆದ ಮೇಲೆ ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಕೋಳಿಯನ್ನು ಮೊದಲು ಕೇಳಿ. ಖಾರ ಅರೆಯುವ ಮಾತು ಆಮೇಲೆ.