ಕೊಂಡ ಹಾಡಿಗೆ ಹಾಕಿದ ಬೀಗ

ಹಣ ತೆತ್ತು ಕೊಂಡ ಹಾಡಿನ ಬೀಗವನ್ನು ಕೊಂಡವನೇ ತೆಗೆದರೂ ಅದು ಕಳವೆಂದು ಕೆಲವರು ವಾದಿಸುತ್ತಾರೆ. ಕಳವೆಂದರೆ ಅದತ್ತಾದಾನ, ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಪೂರ್ಣ ಬೆಲೆ ಪಡೆದು ಮಾರಿದ ಮೇಲೆ ಕೊಡದೆ ಉಳಿದುದೇನೆಂಬುದನ್ನು ಅವರು ಹೇಳಬೇಕು.

ಅಮೆರಿಕದ ಆ್ಯಪಲ್ ಸಂಸ್ಥೆಯು 2003ರಲ್ಲಿ ಐಟ್ಯೂನ್ಸ್ ಮಳಿಗೆಯನ್ನು ತೆರೆದು ಹಾಡೊಂದಕ್ಕೆ 99 ಸೆಂಟ್ ಪಡೆಯತೊಡಗಿತು. ಆ ಹಾಡುಗಳು ಸಂಸ್ಥೆಯು ಒಪ್ಪಿದ ಕೆಲವೇ ಗಣಕಯಂತ್ರಗಳಲ್ಲಿ ನುಡಿಯುತ್ತಿದ್ದವು. ಅವನ್ನು ಸಿ.ಡಿ.ಗೆ ಬರೆದು ಪುನಃ ಗಣಕಯಂತ್ರಕ್ಕೆ ಇಳಿಸಿಕೊಂಡರೆ ಬೀಗ ಉಳಿಯುತ್ತಿರಲಿಲ್ಲ. 2009ರಲ್ಲಿ ಸಂಸ್ಥೆಯೇ ಬೀಗವನ್ನು ಕೈಬಿಟ್ಟಿತು. ಆದರೆ ಹಿಂದೆ ಕೊಂಡ ಹಾಡಿನ ಬೀಗವಿಲ್ಲದ ಪ್ರತಿ ಬೇಕಾದವರು ಮತ್ತೆ 30 ಸೆಂಟ್ ತೆರಬೇಕಾಯಿತು! ಮೈಕ್ರೋಸಾಫ್ಟ್ ಸಂಸ್ಥೆಯಂತೂ ತನ್ನ ಎಂಎಸ್‌ಎನ್ ಮ್ಯೂಸಿಕ್ ಮಳಿಗೆಯ ಹಾಡುಗಳಿಗೆ 2008ರ ಆಗಸ್ಟ್ 31ರ ಬಳಿಕ ಹೊಸ ಕೀಲಿ ಕೊಡುವುದಿಲ್ಲವೆಂದು ಸಾರಿತು. ಅನಂತರ ಗಣಕಯಂತ್ರ ಬದಲಿಸಿದವನಿಗೆ ಕೊಂಡ ಹಾಡು ಇದ್ದೂ ಇಲ್ಲದಂತೆ. ಗಿರಾಕಿಗಳು ಪ್ರತಿಭಟಿಸಿದ ಮೇಲೆಯೇ ಗಡುವು ಮುಂದೆ ಹೋಯಿತು.

ಬೆಲೆ ಪೂರ್ತಿ ಪಡೆದು ಸರಕನ್ನು ಕಡಿಮೆ ಅಳೆಯುವುದು ಹೀನಾಧಿಕಮಾನೋನ್ಮಾನ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅದೂ ಒಂದು. ತಕ್ಕಡಿಯ ದೋಷ ಇಲ್ಲಿ ಮಾರಿದವನದೇ ಹೊರತು ಕೊಂಡವನದಲ್ಲ.

“ವಿರುದ್ಧರಾಜ್ಯಾತಿಕ್ರಮವೂ ಅತಿಚಾರವಲ್ಲವೇ? ರಾಜ್ಯದ ಕಾಯಿದೆಯನ್ನು ಮೀರಬಹುದೇ?” ಎಂಬ ಆಕ್ಷೇಪವುಂಟು. ಮೀರಬಾರದು, ನಿಜ. ಆದರೆ ಕಾಯಿದೆ ಏನು ಹೇಳುತ್ತದೆಂಬುದನ್ನು ಮೊದಲು ನೋಡಬೇಡವೇ? ಅಮೆರಿಕದ 1998ರ ಕಾಯಿದೆಯು ಕೆಲವು ವಿನಾಯಿತಿಗಳನ್ನುಳಿದು ಬೀಗ ಮುರಿಯುವುದನ್ನೇ ನಿಷೇಧಿಸಿತು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಹಾಗಲ್ಲ. ಕೃತಿಯ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಮಾತ್ರ ಅದು 2 ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡವನ್ನು ವಿಧಿಸುತ್ತದೆ. ಸ್ವಂತ ಉಪಯೋಗದ ನ್ಯಾಯವಾದ ಬಳಕೆಗೆ ಅದೇ ಕಾಯಿದೆಯಲ್ಲಿ ಅವಕಾಶವಿದೆ. ಕೃತ್ಯಕ್ಕಿಂತ ಭಾವವನ್ನು ಮುಖ್ಯವಾಗಿ ತೂಗುವ ನಮಗೆ ಈ ವಿವೇಕ ಹೊಸತಲ್ಲ.

ಆದರೆ ಈ ವಾದವನ್ನು ನೆಪವಾಗಿಸಿಕೊಳ್ಳುವವರಿಗೂ ಒಂದು ಮಾತು. ತಾನು ಕೊಂಡ ಹಾಡನ್ನು ನೆರೆಯವನಿಗೆ ನಕಲು ಮಾಡಿಕೊಟ್ಟರೆ ಅದು ಗಾಯಕನ, ರಚನಕಾರನ ಅನ್ನವನ್ನು ಕಸಿದಂತೆ. ಬಸದಿಯ ಟ್ರಸ್ಟಿನವರು ಭಕ್ತಿಗೀತೆಗಳ ಒಂದೇ ಪ್ರತಿ ಕೊಂಡು, ಅನುಮತಿಯಿಲ್ಲದೆ ನೂರು ಮನೆಗಳಿಗೆ ಹಂಚಿದರೂ ಅಷ್ಟೇ. ಭಕ್ತಿಯ ಹೆಸರು ಅದನ್ನು ಶುದ್ಧಗೊಳಿಸದು. ತಿಂಗಳ ಚಂದಾ ತೆತ್ತು ಕೇಳುವ ಹಾಡು ಬಾಡಿಗೆಯ ಸೊತ್ತು. ಅದರ ಬೀಗ ಮುರಿದು ಇರಿಸಿಕೊಳ್ಳುವುದು ಸ್ಪಷ್ಟವಾಗಿ ಅದತ್ತಾದಾನ.

ಬಾಡಿಗೆಯಾದರೆ ಬಾಡಿಗೆಯೆಂದೇ ಹೇಳಿ ಕೊಡಲಿ. ಮಾರಿದರೆ ಕೀಲಿಯನ್ನೂ ಒಪ್ಪಿಸಲಿ. ವ್ಯಾಪಾರಧರ್ಮ ಕೇಳುವುದು ಇಷ್ಟನ್ನೇ.