ಹತ್ತಿ ಚೀಲದ ಗಾಡಿಯಲ್ಲಿ ನಮ್ಮ ಅಕ್ಕಂದಿರು

ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಿಗ್ಗೆ ಕುರ್ಡಿ ಕಡೆ ಬಂದರೆ ನಿಮಗೇ ಕಾಣುತ್ತದೆ. ಟಾಟಾ ಏಸ್ ಹಿಂದೆ ಬುತ್ತಿ ಗಂಟು ಹಿಡಿದು ನಿಂತ ಅಕ್ಕಂದಿರು, ಅವ್ವಂದಿರು. ಮಧ್ಯಾಹ್ನ ಅದೇ ಗಾಡಿ ಹತ್ತಿ ಚೀಲ ಹೇರಿಕೊಂಡು ರಾಯಚೂರಿಗೆ ಹೊರಡುತ್ತದೆ. 'ಒಂದೇ ಗಾಡಿರಿ, ಎರಡೂ ಕೆಲಸ ಆಗ್ತಾವ' ಎಂದು ಚಾಲಕರೊಬ್ಬರು ನಮಗೆ ಹೆಮ್ಮೆಯಿಂದಲೇ ಹೇಳಿದರು. ತಪ್ಪು ಅವರೊಬ್ಬರದೇ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಯಿತು, ಖರೆ. ಆದರೆ ಹೊಲದ ದಂಡೆಗೆ ಯಾವ ಬಸ್ ಬರುತ್ತದೆ ಹೇಳಿ?

2005ರಲ್ಲಿ ಬಂದ ಏಸ್ ಮಾಡಿದ್ದು ಸಾಮಾನು ಹೊರಲು. ಜನರಿಗೆಂದು 2007ರಲ್ಲಿ ಅದೇ ತಳಹದಿಯ ಮೇಲೆ ಮ್ಯಾಜಿಕ್ ಬಂತು. ನೋಡಲು ಅಣ್ಣ ತಮ್ಮ. ಒಂದಕ್ಕೆ ಸೀಟು, ಸೂರು ಇದೆ, ಇನ್ನೊಂದಕ್ಕಿಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಇರುವುದು ಆರ್‌ಸಿ ಮತ್ತು ವಿಮೆ ಕಾಗದದಲ್ಲಿ.

ಸರಕಿನ ಗಾಡಿಯಲ್ಲಿ ಸುಮ್ಮನೆ ಕೂತು ಹೋದವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ತನ್ನ ಹತ್ತಿಯ ಜೊತೆ ಕ್ಯಾಬಿನ್‌ನಲ್ಲಿ ಕೂತು ಹೋಗುವ ರೈತನ ಮಾತು ಬೇರೆ, ಅವನಿಗೆ ವಿಮೆ ಉಂಟು. ಹಿಂದೆ ನಿಂತ ಕೂಲಿ ಅಕ್ಕನಿಗೆ ಇಲ್ಲ. ಅವಳ ಮನೆಯವರು ಗಾಡಿ ಮಾಲೀಕನ ಬೆನ್ನು ಹತ್ತಬೇಕು, ಅವನೋ ಕಂತು ಕಟ್ಟಲಿಕ್ಕೇ ಒದ್ದಾಡುತ್ತಿರುತ್ತಾನೆ.

ಹಾಗಂತ ಪ್ಯಾಸೆಂಜರ್ ಗಾಡಿ ಹತ್ತಿದರೆ ಸಾಕು ಅಂತಲೂ ಅಲ್ಲ. 2022ರ ಆಗಸ್ಟ್ 25ರಂದು ಶಿರಾ ಹತ್ತಿರ ಲಾರಿಗೆ ಡಿಕ್ಕಿಯಾದ ಕ್ರೂಸರ್‌ನಲ್ಲಿ ಇದ್ದವರು ನಮ್ಮ ಜಿಲ್ಲೆಯವರೇ, ಬೆಂಗಳೂರಿಗೆ ದುಡಿಯಲು ಹೊರಟವರು. ಒಂದೇ ಗಾಡಿಯಲ್ಲಿ 20ಕ್ಕೂ ಹೆಚ್ಚು ಜನ. ಮಕ್ಕಳೂ ಸೇರಿ 9 ಮಂದಿ ತೀರಿಕೊಂಡರು. ಸೀಟಿಗಿಂತ ಹೆಚ್ಚು ಜನ ತುಂಬಿದಾಗ ವಿಮಾ ಕಂಪನಿಯ ಹೊಣೆ ಆರ್‌ಸಿಯಲ್ಲಿರುವ ಸೀಟಿನ ಲೆಕ್ಕಕ್ಕೆ ಮಾತ್ರ. ಆ ದುಡ್ಡನ್ನೇ ಎಲ್ಲರಿಗೂ ಹಂಚಬೇಕು. ಇದು 2007ರ ಅಂಜನಾ ಶ್ಯಾಮ್ ತೀರ್ಪು. ಹೆಚ್ಚುವರಿ ಒಬ್ಬೊಬ್ಬರಿಗೆ ದಂಡ 200 ರೂಪಾಯಿ. ಅಷ್ಟು ದಂಡಕ್ಕೆ ಯಾರು ಹೆದರುತ್ತಾರೆ?

ಈಗ ನಮ್ಮ ಓಣಿಯ ಹುಡುಗರು ಸ್ವಾವಲಂಬಿ ಸಾರಥಿ ಯೋಜನೆಗೆ ಅರ್ಜಿ ಹಾಕುತ್ತಿದ್ದಾರೆ. ಅದರಲ್ಲಿ ಟ್ಯಾಕ್ಸಿಯನ್ನೂ ತಗೊಳ್ಳಬಹುದು, ಗೂಡ್ಸ್ ಗಾಡಿಯನ್ನೂ ತಗೊಳ್ಳಬಹುದು. ತಮ್ಮಂದಿರೇ, ಊರಲ್ಲಿ ದಿನಾ ಸಿಗುವ ಬಾಡಿಗೆ ಯಾವುದು ಅಂತ ಮೊದಲು ಎಣಿಸಿ. ಜನರದ್ದೇ ಹೆಚ್ಚಾದರೆ ಸೀಟಿನ ಗಾಡಿಯನ್ನೇ ತಗೊಳ್ಳಿ. ಹತ್ತಿಯನ್ನು ಬೇರೆ ಗಾಡಿ ಒಯ್ಯಲಿ.

ಕೂಲಿಗೆ ಕರೆಯುವ ಹೊಲದವರಿಗೂ ಒಂದು ಮಾತು. ಎರಡು ಟ್ರಿಪ್ ಮಾಡಿದರೆ ಡೀಸೆಲ್ ಖರ್ಚು ಹೆಚ್ಚಾಗುತ್ತದೆ, ಗೊತ್ತು. ಆ ಖರ್ಚು ನಿಮ್ಮದೇ, ಅಕ್ಕಂದಿರ ಕೂಲಿಯಲ್ಲಿ ಮುರಿಯಬೇಡಿ.