ಕೆರೆಯ ನೀರಿನ ಪಂಚಾಂಗ

ಕುರುಕ್ಷೇತ್ರದ ಕೊನೆಯಲ್ಲಿ ದುರ್ಯೋಧನನು ವೈಶಂಪಾಯನ ಸರೋವರವನ್ನು ಹೊಕ್ಕು ಅಡಗಿದನಷ್ಟೆ. ದಡದಲ್ಲಿ ನಿಂತ ಭೀಮನ ಗರ್ಜನೆ ಕಿವಿಗೆ ಬಿದ್ದೊಡನೆ, ತಣ್ಣೀರಿನ ನಡುವೆ ಇದ್ದರೂ ಅವನ ಮೈ ಬೆವರಿತೆಂದು ರನ್ನ ಕವಿಯು ತನ್ನ ‘ಗದಾಯುದ್ಧ’ದಲ್ಲಿ ವರ್ಣಿಸಿದ್ದಾನೆ. ಈ ಪ್ರಸಂಗವನ್ನು ತರಗತಿಯಲ್ಲಿ ವಿವರಿಸುವಾಗ, “ಸಾರ್, ತಳದ ನೀರು ನಿಜವಾಗಿಯೂ ಅಷ್ಟು ತಣ್ಣಗಿರುತ್ತದೆಯೆ?” ಎಂದು ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುವುದುಂಟು. ಪ್ರಶ್ನೆ ತುಂಟತನದ್ದಾದರೂ ಉತ್ತರವು ಎಲ್ಲರೂ ತಿಳಿದಿರಬೇಕಾದುದು. ದುರ್ಯೋಧನನಿಗೆ ಭೀಷ್ಮರು ಉಪದೇಶಿಸಿದ ಜಲಮಂತ್ರದ ಬಲವಿತ್ತು. ನಮ್ಮ ಹುಡುಗರಿಗೆ ಅದಿಲ್ಲ.

ಪಿರಿಯಾಪಟ್ಟಣದ ಸೀಮೆ ಕೆರೆಕಟ್ಟೆಗಳ ಸೀಮೆ. ಪಡುವಣಕ್ಕೆ ಕೊಡಗು, ಮೂಡಣಕ್ಕೆ ಹುಣಸೂರು. ನೆಲವು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರ. ಆದುದರಿಂದ ಇಲ್ಲಿನ ನೀರು ಕರಾವಳಿಯ ನೀರಿನಷ್ಟು ಬೆಚ್ಚಗಾಗದು. ಹಿಮಾಲಯದ ತಪ್ಪಲಿನ ನೀರಿನಂತೆ ಕೊರೆಯುವುದೂ ಇಲ್ಲ. ಮಳೆಗೆ ನಕ್ಷತ್ರಗಳ ಹೆಸರಿಟ್ಟು ಲೆಕ್ಕ ಹಿಡಿದಿರುವ ನಮ್ಮ ರೈತರು ಒಪ್ಪುವುದಾದರೆ, ಕೆರೆಯ ನೀರಿಗೂ ಒಂದು ಪಂಚಾಂಗವನ್ನು ಬರೆಯಬಹುದು.

ಚೈತ್ರ ವೈಶಾಖಗಳಿಂದ ಆರಂಭಿಸೋಣ. ಬಿರುಬಿಸಿಲಿನ ಮಧ್ಯಾಹ್ನ ಕೆರೆಯ ಮೇಲುನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆದರೆ ಈಜುತ್ತಿರುವವನು ಕಾಲನ್ನು ಕೆಳಕ್ಕೆ ಇಳಿಬಿಟ್ಟೊಡನೆ ಪಾದಕ್ಕೆ ತಣ್ಣನೆಯ ಪದರವೊಂದು ಸೋಕುತ್ತದೆ. ಕಾದ ನೀರು ಹಗುರ, ತಂಪಾದ ನೀರು ಭಾರ. ಬಿಸಿಲಿಗೆ ಕಾದದ್ದು ಮೇಲೆಯೇ ತೇಲುತ್ತದೆ. ತಂಪಾದದ್ದು ತಳವನ್ನು ಬಿಟ್ಟೇಳುವುದಿಲ್ಲ. ರಾತ್ರಿ ಗಾಳಿ ಬೀಸಿ ಮೇಲುನೀರು ತಣಿದಾಗ ಅದು ಕೆಳಗಿಳಿದು ಎರಡೂ ಬೆರೆಯುತ್ತವೆ. ಆಳವಿಲ್ಲದ ಕೆರೆಗಳಲ್ಲಿ ಈ ಏರಿಳಿತ ದಿನದಿನವೂ ನಡೆಯುವಂಥದು. ಹಿಂದಿನ ಬೆಂಚಿನ ಪ್ರಶ್ನೆಗೆ ಇದೇ ಉತ್ತರ.

ಮುಂಗಾರು ಹಿಡಿದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಬಂದವೆನ್ನಿ. ಮೋಡ ಮುಸುಕಿದ ದಿನಗಳಲ್ಲಿ ನೀರು ಕೆಲವು ಡಿಗ್ರಿಗಳಷ್ಟು ಇಳಿಯುತ್ತದೆ. ಹಳ್ಳಗಳು ಹೊತ್ತು ತಂದ ಕೆಮ್ಮಣ್ಣಿನಿಂದ ಕೆರೆ ರಾಡಿಯಾಗಿ, ಮೊಣಕಾಲುದ್ದದ ನೀರಿನಲ್ಲಿಯೂ ತಳ ಕಾಣಿಸದು. ಮಾರ್ಗಶಿರ ಪುಷ್ಯ ಮಾಸಗಳ ಮುಂಜಾವಿನಲ್ಲಿ ಕೆರೆಯ ಮೇಲೆ ಹಬೆಯಾಡುತ್ತದೆ. ನೀರು ಕಾದಿದೆಯೆಂದಲ್ಲ, ಗಾಳಿ ನೀರಿಗಿಂತ ತಣ್ಣಗಿದೆಯೆಂದು ಇದರ ಅರ್ಥ. ಆಗ ನೀರು 20-22 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಷ್ಟೇ ಉಷ್ಣತೆಯ ಗಾಳಿ ನಮಗೆ ಹಿತ. ನೀರು ಮಾತ್ರ ನಡುಗಿಸುತ್ತದೆ. ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ತುಟಿ ನೀಲಿಗಟ್ಟಿ ಹಲ್ಲು ಕಟಕಟಿಸುವ ಹುಡುಗನನ್ನು ಒಡನೆ ದಡಕ್ಕೆ ಕರೆಯಬೇಕು.

ಇಷ್ಟಾದರೂ ನಮ್ಮ ಕೆರೆಗಳಲ್ಲಿ ಮುಖ್ಯವಾದ ಅಪಾಯ ಚಳಿಯದಲ್ಲ. ಬಯಲುನೀರಿನ ಈಜುಪಂದ್ಯಗಳಿಗೆ ಅಂತರರಾಷ್ಟ್ರೀಯ ಸಂಸ್ಥೆಯು ವಿಧಿಸಿರುವ ಮಿತಿ 16ರಿಂದ 31 ಡಿಗ್ರಿ. 2010ರಲ್ಲಿ ಅರಬ್ ದೇಶದ ಫುಜೈರಾದಲ್ಲಿ, ಬೆಚ್ಚನೆಯ ಕಡಲಿನಲ್ಲಿ ನಡೆದ ಪಂದ್ಯದಲ್ಲಿ ಅಮೆರಿಕದ ಫ್ರ್ಯಾನ್ ಕ್ರಿಪ್ಪನ್ ಎಂಬ ನುರಿತ ಈಜುಗಾರ ಅಸುನೀಗಿದ. ಮೇಲುಮಿತಿಯನ್ನು ಗೊತ್ತುಮಾಡಿದ್ದು ಆ ಬಳಿಕ. ನಮ್ಮ ಕೆರೆಗಳು ವರ್ಷದ ಬಹುಭಾಗ ಈ ಎರಡು ಮಿತಿಗಳ ನಡುವೆಯೇ ಇರುತ್ತವೆ. ಹಾಗಾದರೆ ಪ್ರತಿವರ್ಷ ಯಾವುದೋ ಒಂದು ಊರಿನಿಂದ ಮಕ್ಕಳು ಕೆರೆಯ ಪಾಲಾದ ಸುದ್ದಿ ಬರುವುದೇಕೆ?

ಕೆರೆ ಬಲಿ ಬೇಡುತ್ತದೆ ಎಂದು ಹಿರಿಯರು ಹೇಳುವುದುಂಟು. ಬಲಿ ಬೇಡುವುದು ಕೆರೆಯಲ್ಲ, ನಾವು ತೋಡಿದ ಗುಂಡಿ. ಮೊದಲು ಬೇಸಗೆಯಲ್ಲಿ ರೈತರು ಹೂಳನ್ನು ಗುದ್ದಲಿಯಿಂದ ಕೆತ್ತಿ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಗಾಡಿ ಇಳಿದು ಹತ್ತಬೇಕಾದುದರಿಂದ ಅಗೆದ ನೆಲ ಇಳಿಜಾರಾಗಿಯೇ ಉಳಿಯುತ್ತಿತ್ತು. ಈಗ ಯಂತ್ರವು ಒಂದೇ ದಿನದಲ್ಲಿ ಬಾವಿಯಂಥ ಗುಂಡಿಯನ್ನು ತೆಗೆಯುತ್ತದೆ. ಅದರ ಅಂಚು ಗೋಡೆಯಂತೆ ಕಡಿದಾದದ್ದು. ನೆನೆದ ಜೇಡಿಯಲ್ಲಿ ಕಾಲು ನಿಲ್ಲದು, ಕೈಗೆ ಹಿಡಿತ ಸಿಕ್ಕದು. ಭರಣಿ, ರೋಹಿಣಿಯ ಮಳೆಗೆ ಮೊದಲು ತುಂಬುವುದು ಈ ಗುಂಡಿಗಳೇ. ಶಾಲೆಗೆ ರಜೆ, ಬೆಚ್ಚಗಿನ ನೀರು, ಕಣ್ಣಿಗೆ ಕಾಣದ ಗುಂಡಿ: ಮೂರೂ ಕೂಡಿ ಬರುವುದು ಅದೇ ತಿಂಗಳಿನಲ್ಲಿ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಯಲ್ಲಿ ಎರಡಾಳು ಆಳಕ್ಕೆ ಜಾರುತ್ತಾನೆ. ಅವನನ್ನು ಹಿಡಿಯಹೋದವನೂ ಜಾರುತ್ತಾನೆ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಮುತ್ತಿನ ಮುಳುಸೋಗೆಯ ಬಳಿ ಕಾವೇರಿಯಿಂದ ನೀರೆತ್ತಿ ಪಿರಿಯಾಪಟ್ಟಣ ತಾಲ್ಲೂಕಿನ 150 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡಿದೆ. ಬಾಯಾರಿದ ಸೀಮೆಗೆ ಇದಕ್ಕಿಂತ ದೊಡ್ಡ ವರವಿಲ್ಲ. ಆದರೆ ನೀರು ಕೊಳವೆಯಲ್ಲಿ ಬರತೊಡಗಿದ ಮೇಲೆ, ಮಳೆಯ ನಕ್ಷತ್ರವನ್ನು ನೋಡಿ ಕೆರೆಯ ಆಳವನ್ನು ಊಹಿಸುವ ಹಳೆಯ ಲೆಕ್ಕ ನಡೆಯದು. ನಿನ್ನೆ ಕ್ರಿಕೆಟ್ ಆಡಿದ ಕೆರೆಯಂಗಳವು ಮಳೆಯಿಲ್ಲದೆಯೂ ತುಂಬೀತು. ಆದುದರಿಂದ ಕೆರೆ ಬರಿದಾಗಿರುವಾಗಲೇ ಗುಂಡಿಯ ಅಂಚನ್ನು ಇಳಿಜಾರಾಗಿ ಕಡಿಸಬೇಕು; ಉಳಿದ ಗುಂಡಿಗಳ ಸುತ್ತ ನೀರಿನ ಮೇಲಕ್ಕೆ ಕಾಣುವಂಥ ಗಳುಗಳನ್ನು ನೆಡಿಸಬೇಕು. ಪಂಚಾಯಿತಿಗೆ ಇದು ದೊಡ್ಡ ವೆಚ್ಚವಲ್ಲ.

ಮಕ್ಕಳನ್ನು ನೀರಿನಿಂದ ದೂರವಿಟ್ಟರೆ ಸಾಕೆಂದು ಕೆಲವು ತಾಯಿತಂದೆಯರು ಭಾವಿಸುತ್ತಾರೆ. ಕೆರೆಯ ಊರಿನಲ್ಲಿ ಇದು ಸಾಧ್ಯವೆ? ದನ ತೊಳೆಯಲು, ಬಟ್ಟೆ ಒಗೆಯಲು ಹೋದ ಹೆಣ್ಣುಮಕ್ಕಳೂ ಮುಳುಗುತ್ತಾರೆ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬಾಳೆದಿಂಡನ್ನೋ ಕಟ್ಟಿ, ದೊಡ್ಡವರೊಬ್ಬರು ಜೊತೆಗಿದ್ದು ಈಜು ಕಲಿಸುತ್ತಿದ್ದ ಪದ್ಧತಿ ನಮ್ಮಲ್ಲಿಯೇ ಇತ್ತು. ಅದು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಮರಳಿ ಬರಬೇಕು. ತೂಬಿನ ಹತ್ತಿರ, ಕೋಡಿ ಹರಿಯುವಲ್ಲಿ, ಜೊಂಡು ಬೆಳೆದ ಕಡೆ ಇಳಿಯಬಾರದೆಂಬುದು ಆ ಪಾಠದ ಮೊದಲ ಪುಟ.

ಮುಳುಗುತ್ತಿರುವವನನ್ನು ಕಂಡೊಡನೆ, ಈಜು ಬಾರದವರು ನೀರಿಗೆ ಹಾರಕೂಡದು. ಕೂಗಿ ಜನರನ್ನು ಕರೆಯಿರಿ. ಹಗ್ಗವನ್ನೋ ಸೀರೆಯನ್ನೋ ಎಸೆಯಿರಿ, ಉದ್ದನೆಯ ಗಳುವನ್ನು ಚಾಚಿರಿ. ಮೇಲೆತ್ತಿದವನನ್ನು ಹೆಗಲ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆಯನ್ನು ಅಮುಕುವುದು ವ್ಯರ್ಥ ಕಾಲಹರಣ. ಉಸಿರಿಲ್ಲವಾದರೆ ಒಡನೆ ಬಾಯಿಗೆ ಬಾಯಿಟ್ಟು ಉಸಿರೂದಬೇಕು, ಎದೆಯನ್ನು ಒತ್ತಬೇಕು, 108ಕ್ಕೆ ಫೋನು ಮಾಡಿಸಬೇಕು.

2021ರಿಂದ ಪ್ರತಿವರ್ಷ ಜುಲೈ 25ನ್ನು, ನೀರಿನಲ್ಲಿ ಮುಳುಗುವ ಸಾವುಗಳನ್ನು ತಡೆಯುವ ದಿನವೆಂದು ವಿಶ್ವಸಂಸ್ಥೆ ಆಚರಿಸುತ್ತಿದೆ. ನಮ್ಮ ಲೆಕ್ಕಕ್ಕೆ ಅದು ಪುಷ್ಯ ಮಳೆಯ ಕಾಲ. ಅಷ್ಟರವರೆಗೆ ಕಾಯುವುದು ತಡವಾದೀತು. ಗಳು ನೆಡುವ ಕೆಲಸ ಭರಣಿ ಮಳೆಗೆ ಮೊದಲೇ ಮುಗಿದಿರಲಿ.